ಹಂಬೋಲ್ಟ್ ಊರಿನ ಹುಡುಗರು

ಕೆನಡಾ ದೇಶದ ಸಸ್ಕಾಚುವಾನ್ ಪ್ರಾಂತದಲ್ಲಿ, ಕಣ್ಣು ಹರಿಯುವಷ್ಟು ದೂರ ಹಬ್ಬಿದ ಬಯಲಿನ ನಡುವೆ, ಹಂಬೋಲ್ಟ್ ಎಂಬ ಪುಟ್ಟ ಊರಿದೆ. ಜನಸಂಖ್ಯೆ ಸುಮಾರು 6,000. ಚೆಂಡಿನ ಬದಲು ರಬ್ಬರಿನ ಬಿಲ್ಲೆಯನ್ನಟ್ಟುತ್ತ ಮಂಜುಗಡ್ಡೆಯ ಮೇಲೆ ಆಡುವ ಐಸ್ ಹಾಕಿಯೇ ದೀರ್ಘವಾದ ಚಳಿಗಾಲದಲ್ಲಿ ಆ ಜನರ ಜಾತ್ರೆ, ತೇರು ಎಲ್ಲ. 1970ರಲ್ಲಿ ಅಲ್ಲಿ ಕಿರಿಯರ ತಂಡವೊಂದು ಹುಟ್ಟಿತು. ಹೆಸರು ಬ್ರಾಂಕೋಸ್, ಎಂದರೆ ಪಳಗದ ಕುದುರೆಗಳು. 2003 ಮತ್ತು 2008ರಲ್ಲಿ ಅದು ತನ್ನ ದರ್ಜೆಯ ರಾಷ್ಟ್ರೀಯ ಪ್ರಶಸ್ತಿಯನ್ನೂ ಗೆದ್ದಿತು.

ಆದರೆ ತಂಡದ ನಿಜವಾದ ಚರಿತ್ರೆಯಿರುವುದು ಊರಿನ ಅಡಿಗೆಮನೆಗಳಲ್ಲಿ. ಆಟಗಾರರು ಹದಿನಾರರಿಂದ ಇಪ್ಪತ್ತರ ಆಸುಪಾಸಿನವರು, ಬಹುಮಂದಿ ಪರಸ್ಥಳದವರು. ಊರಿನ ಸಂಸಾರಗಳೇ ಅವರನ್ನು ಮನೆಯಲ್ಲಿಟ್ಟುಕೊಂಡು ಸಲಹುತ್ತವೆ. ಕನ್ನಡನಾಡಿನಲ್ಲಿ ಹಿಂದೆ ವಾರಾನ್ನ ಉಂಡು ಓದಿದವರಿಗೆ ಈ ಋಣದ ಬಗೆ ತಿಳಿದೀತು. ವಾರಾನ್ನದವನಿಗೆ ದಿನಕ್ಕೊಂದು ಮನೆ. ಇಲ್ಲಿಯ ಹುಡುಗನಿಗೆ ಋತುವೆಲ್ಲ ಒಂದೇ ಮನೆ. ಮನೆಯಾಕೆಗೆ ಅವನ ಹಸಿವೂ ಗೊತ್ತು, ಹಟವೂ ಗೊತ್ತು.

2018ರ ಏಪ್ರಿಲ್ 6ರಂದು ಈ ಹುಡುಗರು ಉಪಾಂತ್ಯ ಸರಣಿಯ ಐದನೆಯ ಪಂದ್ಯಕ್ಕೆಂದು ನಿಪವಿನ್ ಊರಿಗೆ ಬಸ್ಸಿನಲ್ಲಿ ಹೊರಟರು. ಒಗ್ಗಟ್ಟಿನ ಗುರುತಾಗಿ ಅನೇಕರು ತಲೆಗೂದಲಿಗೆ ಹೊಂಬಣ್ಣ ಹಾಕಿಸಿಕೊಂಡಿದ್ದರು. ಸಂಜೆಯ ಹೊತ್ತಿಗೆ ಒಂದು ಕೂಡುರಸ್ತೆಯಲ್ಲಿ, ನಿಲ್ಲಬೇಕೆಂಬ ಫಲಕವನ್ನು ದಾಟಿ ಬಂದ ಭಾರಿ ಲಾರಿ ಬಸ್ಸಿಗೆ ಅಡ್ಡವಾಯಿತು. ಬಸ್ಸಿನಲ್ಲಿದ್ದವರು 29 ಮಂದಿ. ಹದಿನಾರು ಮಂದಿ ಅಸುನೀಗಿದರು. ಅವರಲ್ಲಿ ಹತ್ತು ಮಂದಿ ಆಟಗಾರರು. ತರಬೇತುದಾರರೂ ಬಸ್ಸು ನಡೆಸುತ್ತಿದ್ದವರೂ ಉಳಿಯಲಿಲ್ಲ.

ಆಮೇಲೆ ನಡೆದುದು ಇನ್ನೂ ದಾರುಣ. ಬದುಕಿದ್ದ ಹುಡುಗನೊಬ್ಬನನ್ನು ಸತ್ತನೆಂದೂ ಸತ್ತವನನ್ನು ಬದುಕಿದ್ದಾನೆಂದೂ ಅಧಿಕಾರಿಗಳು ತಪ್ಪಾಗಿ ಗುರುತಿಸಿದ್ದರು. ಗಾಯಗಳ ನಡುವೆ ಒಂದೇ ಬಗೆಯ ಹೊಂಗೂದಲು ಕಣ್ಣನ್ನು ವಂಚಿಸಿತ್ತು. ಒಂದು ಮನೆಗೆ ಮಗ ಮರಳಿದ. ಇನ್ನೊಂದು ಮನೆಯ ಆಸೆ ಅದೇ ಗಳಿಗೆಯಲ್ಲಿ ಕಮರಿತು. ಯಾವ ಮಾತಿನಿಂದ ಯಾರನ್ನು ಸಂತೈಸುವುದು?

ದೇಶದ ಉದ್ದಗಲಕ್ಕೂ ಜನರು ರಾತ್ರಿಯಿಡೀ ದೀಪ ಉರಿಸಿ ಹೊಸಲಿನಾಚೆ ಹಾಕಿ ಕೋಲನ್ನಿಟ್ಟರು; ಹೊರಟುಹೋದ ಹುಡುಗರಿಗೆ ಬೇಕಾದೀತೆಂಬ ಭಾವ. ಲಾರಿ ನಡೆಸಿದವನು ಭಾರತದಿಂದ ಹೋಗಿ ನೆಲಸಿದ್ದ ತರುಣ, ಆ ಕೆಲಸಕ್ಕೆ ಹೊಸಬ. ಅವನು ತಪ್ಪನ್ನೆಲ್ಲ ಒಪ್ಪಿಕೊಂಡ. 2019ರಲ್ಲಿ ಅವನಿಗೆ ಎಂಟು ವರ್ಷಗಳ ಸೆರೆವಾಸದ ಶಿಕ್ಷೆಯಾಯಿತು. ಅವನನ್ನು ಕ್ಷಮಿಸಿದ ತಂದೆತಾಯಿಯರಿದ್ದರು, ಕ್ಷಮಿಸಲಾರದವರೂ ಇದ್ದರು, ಎರಡನ್ನೂ ತಪ್ಪೆನ್ನಲಾಗದು.

ತಂಡವನ್ನು ಮುಚ್ಚಲಿಲ್ಲ. ಅದೇ ವರ್ಷ, 2018ರ ಸೆಪ್ಟೆಂಬರ್ 12ರಂದು, ಊರಿನ ಎಲ್ಗರ್ ಪೀಟರ್ಸನ್ ಕ್ರೀಡಾಂಗಣ ಕಿಕ್ಕಿರಿದು ತುಂಬಿತು. ಎದುರಾಳಿ ಅದೇ ನಿಪವಿನ್ ತಂಡ. ಬದುಕುಳಿದ ಆಟಗಾರರಲ್ಲಿ ಇಬ್ಬರು ಹೊಸಬರೊಡನೆ ಮಂಜುಗಡ್ಡೆಗೆ ಇಳಿದರು. ಬ್ರಾಂಕೋಸ್ ಒಂದಕ್ಕೆ ಎರಡು ಗೋಲುಗಳಿಂದ ಸೋತಿತು. ಹೊಸ ಹುಡುಗರು ಊರಿನ ಮನೆಗಳಿಗೆ ಊಟಕ್ಕೆ ಮರಳಿದರು. ಪರವೂರಿನ ಪಂದ್ಯಗಳಿಗೆ ಅವರು ಮತ್ತೆ ಬಸ್ಸನ್ನೇ ಹತ್ತಬೇಕಾಗಿತ್ತು.