ಮೈನಸ್ ಒಂಬತ್ತು

ನಮ್ಮ ಸೋದರಮಾವ ಕಂಪ್ಲಿಯಲ್ಲಿ ಸಣ್ಣ ಗುತ್ತಿಗೆದಾರ. ಶಾಲೆ ಕೊಠಡಿ, ಚರಂಡಿ, ಅಂಗನವಾಡಿ, ಇಂಥವೇ ಕೆಲಸ. 2020ರ ಕೊನೆಗೆ ಎರಡು ಶಾಲಾ ಕೊಠಡಿಗೆ ಎಸ್ಸಾರ್‌ಗಿಂತ ಶೇ. 9 ಕಡಿಮೆಗೆ ಟೆಂಡರ್ ಹಾಕಿ ಕೆಲಸ ಹಿಡಿದ. ಜಾಗದ ತಕರಾರು, ಲಾಕ್‌ಡೌನು ಅಂತ ಎಳೆದು ಸ್ಲ್ಯಾಬ್ ಹಾಕೋ ಹೊತ್ತಿಗೆ 2022ರ ಏಪ್ರಿಲ್. ಅಷ್ಟರಲ್ಲಿ ಅತ್ತೆಯ ಬಳೆ ಬ್ಯಾಂಕ್ ಸೇರಿದ್ದವು.

ಎಸ್ಸಾರ್ ಅಂದ್ರೆ ಲೋಕೋಪಯೋಗಿ ಇಲಾಖೆಯ ದರಪಟ್ಟಿ. ಒಂದು ಘನ ಮೀಟರ್ ಕಾಂಕ್ರೀಟಿಗೆ ಇಷ್ಟು, ಪ್ಲಾಸ್ಟರಿಗೆ ಇಷ್ಟು ಅಂತ ಅದರಲ್ಲಿರುತ್ತೆ. ಇಂಥ ಕೆಲಸಕ್ಕೆ ಗುತ್ತಿಗೆದಾರ ಅದಕ್ಕಿಂತ ಎಷ್ಟು ಶೇಕಡಾ ಮೇಲೆ ಅಥವಾ ಕೆಳಗೆ ಅಂತ ಬರೆದ್ರೆ ಮುಗೀತು.

ದೀಪಾವಳಿಗೆ ಊರಿಗೆ ಹೋದಾಗ ಮಾವ ಒಂದು ಚೀಲ ಬಿಲ್ಲು ತಂದು ನನ್ನ ಮುಂದೆ ಸುರಿದ. "ಅಳಿಯಾ, ಬೆಂಗಳೂರಾಗ ಕಂಪ್ಯೂಟರ್ ಕುಟ್ತೀಯಲ್ಲ, ಎಷ್ಟಕ್ಕ ಹಾಕಬೇಕು ಅಂತ ಹೇಳೋದು ಏನಾರ ಮಾಡಿಕೊಡು."

ಮೊದಲು ಮಾಡಿದ್ದು ಖರ್ಚಿನ ಸೂಚ್ಯಂಕ. ಮಾವನ ಲೆಕ್ಕದಲ್ಲಿ ನೂರು ರೂಪಾಯಿ ಕಟ್ಟಡದಲ್ಲಿ ಕಬ್ಬಿಣಕ್ಕೆ 18 ರೂಪಾಯಿ. ಉಳಿದದ್ದು ಸಿಮೆಂಟು, ಮರಳು, ಜೆಲ್ಲಿ, ಇಟ್ಟಿಗೆ, ಕೂಲಿ. ಕಬ್ಬಿಣದ ಬಿಲ್ಲು ಟನ್ನಿಗೆ 45,000ದಿಂದ 72,000ಕ್ಕೆ ಹೋಗಿತ್ತು, ಅಂದ್ರೆ ಶೇ. 60 ಏರಿಕೆ. ಬೇರೆ ಯಾವುದೂ ಏರದಿದ್ದರೂ ಸೂಚ್ಯಂಕ 100ರಿಂದ 110.8ಕ್ಕೆ ಹತ್ತುತ್ತೆ. ಮಾವನ ಲಾಭ ಇದ್ದದ್ದೇ ಹತ್ತರೊಳಗೆ.

ಸಂಡೂರಿನ ಅದಿರು ಲಾರಿಗಳ ಧೂಳು ಕುಡಿದು ಬೆಳೆದವರು ನಾವು. ಆ ಅದಿರು ಪಕ್ಕದ ತೋರಣಗಲ್ಲಿನಲ್ಲೇ ಕರಗಿ ಉಕ್ಕಾಗುತ್ತೆ. ಆದ್ರೂ ಹೊಸಪೇಟೆ ಅಂಗಡಿಯವನು ಹೇಳೋ ರೇಟು ದೇಶ-ವಿದೇಶದ ಮಾರುಕಟ್ಟೆ ಹೇಳಿದ್ದೇ. 2022ರ ಮೇನಲ್ಲಿ ಕೇಂದ್ರ ಸರ್ಕಾರ ಉಕ್ಕಿನ ಹಲವು ಬಗೆಗಳ ರಫ್ತಿಗೆ ಶೇ. 15 ಸುಂಕ ಹಾಕಿದ ಮೇಲೆ ದರ ಇಳೀತು. ಮಾವನ ಸ್ಲ್ಯಾಬಿಗೆ ಆಗಲೇ ನೀರು ಹಾಯಿಸ್ತಿದ್ರು. ದೊಡ್ಡ ಗುತ್ತಿಗೆಗಳಲ್ಲಿ ಸಗಟು ಬೆಲೆ ಸೂಚ್ಯಂಕ ಏರಿದ್ರೆ ಬಿಲ್ಲೂ ಏರಿಸೋ ಷರತ್ತು ಇರುತ್ತೆ. ಮಾವನ ಕರಾರಿನಲ್ಲಿ ಅದಿರಲಿಲ್ಲ.

ಆದ್ರೆ ಮಾವ ಕೇಳಿದ್ದು ಖರ್ಚಲ್ಲ, "ಎಷ್ಟಕ್ಕ ಹಾಕಬೇಕು" ಅಂತ. ಟೆಂಡರ್ ಬೆಲೆಯಲ್ಲಿ ಖರ್ಚಿನ ಜೊತೆ ಪೈಪೋಟಿಯೂ ಇರುತ್ತೆ, ಹಸಿವೂ ಇರುತ್ತೆ. ಇಂಗ್ಲೆಂಡಿನಲ್ಲಿ ಬಿಸಿಐಎಸ್ ಅನ್ನೋ ಸಂಸ್ಥೆ ಗೆದ್ದ ಟೆಂಡರುಗಳನ್ನು ಒಂದು ಸ್ಥಿರ ದರಪಟ್ಟಿಗೆ ಹೋಲಿಸಿ ಟೆಂಡರ್ ಬೆಲೆ ಸೂಚ್ಯಂಕ ತೆಗೆಯುತ್ತಿತ್ತು. ಓದಿದಾಗ ನಗು ಬಂತು. ನಮ್ಮ "ಎಸ್ಸಾರ್‌ಗಿಂತ ಒಂಬತ್ತು ಕೆಳಗೆ" ಇನ್ನೇನು ಮತ್ತೆ?

ತೊಡಕು ಒಂದೇ: ನಮ್ಮ ದರಪಟ್ಟಿ ಸ್ಥಿರ ಅಲ್ಲ, ಆಗಾಗ ಪರಿಷ್ಕರಣೆ ಆಗುತ್ತೆ. ಹಳೇ ಎಸ್ಸಾರ್ 100 ಅಂತಿಟ್ಕೊಳ್ಳಿ, ಮೈನಸ್ 9 ಅಂದ್ರೆ 91. ಹೊಸ ಎಸ್ಸಾರ್ 120 ಆಗಿ ಮಾವ ಮೈನಸ್ 15 ಹಾಕಿದ್ರೆ 102. ಕಾಗದದಲ್ಲಿ ಇನ್ನೂ ಕೆಳಗಿಳಿದಂತೆ ಕಾಣುತ್ತೆ, ಕೈಗೆ ಬರೋದು ಶೇ. 12 ಜಾಸ್ತಿ. ಮಾವ, ಅವನ ಗೆಳೆಯರು ಎಲ್ಲ ಇಷ್ಟು ವರ್ಷ ಆ ಮೈನಸ್ಸನ್ನೇ ನೋಡ್ಕೊಂಡು "ಈಗ ಧಂದೆ ಬಿತ್ತು" ಅಂತಿದ್ರು.

ಗೆಳೆಯರ ಹಳೇ ಟೆಂಡರುಗಳನ್ನೂ ಸೇರಿಸಿ ಒಂದು ಶೀಟು ಮಾಡಿದೆ. ಹಂಪಿ ಸ್ಮಾರಕಗಳ ಕೆಲಸ ಹೊರಗಿಟ್ಟೆ. ಸುಣ್ಣದ ಗಾರೆ, ಕಲ್ಲು ಕೆತ್ತೋ ಕೂಲಿ, ಆ ಲೆಕ್ಕವನ್ನ ಅಂಗನವಾಡಿ ಲೆಕ್ಕದ ಜೊತೆ ಬೆರೆಸೋಕಾಗಲ್ಲ.

ಮುಂದಿನ ಟೆಂಡರಿಗೆ ನನ್ನ ಶೀಟು ಪ್ಲಸ್ 4 ಅಂತು. ಅದಕ್ಕಿಂತ ಕೆಳಗೆ ಹೋದ್ರೆ ಕೈಯಿಂದ ಹಾಕಬೇಕು ಅಂದೆ. ಮಾವ ಸುಮಾರು ಹೊತ್ತು ಸುಮ್ಮನಿದ್ದ.

"ಖರೇ ಐತಿ. ಆದ್ರ ಪ್ಲಸ್ ಹಾಕಿದ್ರ ಕೆಲಸ ಸಿಗಂಗಿಲ್ಲ. ಕೆಲಸ ಇಲ್ಲ ಅಂದ್ರ ನನ್ನ ಸೆಂಟ್ರಿಂಗ್ ಹುಡುಗ್ರು ಗುಳೆ ಹೋಗ್ತಾರ. ಆಮೇಲೆ ಅವರನ್ನ ಎಲ್ಲಿಂದ ತರ್ಲಿ?"

ಮೈನಸ್ 6 ಹಾಕಿದ. ಯಾರೋ ಮೈನಸ್ 11ಕ್ಕೆ ಹೊಡ್ಕೊಂಡು ಹೋದ್ರು. ಫೋನಿನಲ್ಲಿ ಮಾವನ ದನಿ ಸಣ್ಣಗಾಗಿತ್ತು. ಹಿಂದಿನಿಂದ ಅತ್ತೆ, "ದೇವರು ದೊಡ್ಡವನು, ಊಟಕ್ಕ ಬರ್ರಿ" ಅಂತ ಕೂಗಿದ್ದು ಕೇಳಿಸ್ತು. ನಾನು ಶೀಟು ತೆಗೆದು ಕೊನೆ ಸಾಲಿನಲ್ಲಿ ಆ ಹನ್ನೊಂದನ್ನೂ ಬರೆದುಕೊಂಡೆ.