ಡಿಜೈರ್ ಟೈರು, ಎಂಜಿಬಿ ಕಾರು

ಮೊದಲೇ ಒಪ್ಪಿಕೊಂಡುಬಿಡ್ತೀವಿ. ಒಂದು ಕಾರಿಗೆ ಯಾವ ಸೈಜಿನ ಟೈರ್ ಹಾಕಬೇಕು ಅಂತ ನಾವು ಎರಡು ವಾರ ಕೂತು ಲೆಕ್ಕ ಹಾಕಿದೆವು. ಲೆಕ್ಕ ಸರಿ ಬಂತು, ಟೈರ್ ತಪ್ಪಾಯಿತು.

ನಾವು ಅಂದ್ರೆ ನಾಲ್ಕು ಜನ, ಮೆಕ್ಯಾನಿಕಲ್, ಆರನೇ ಸೆಮಿಸ್ಟರ್, ಹಾಸ್ಟೆಲ್ಲಿನ ಒಂದೇ ರೂಮು. ಕಾರು ಅಂದ್ರೆ 1967ರ ಎಂಜಿಬಿ ರೋಡ್‌ಸ್ಟರ್. ಮೈಸೂರಿನಲ್ಲಿ ನಮ್ಮ ಹಾಸ್ಟೆಲ್‌ನಿಂದ ಎರಡು ರಸ್ತೆ ಆಚೆ, ಒಂದು ಹಳೇ ಮನೆಯ ಶೆಡ್ಡಿನಲ್ಲಿದೆ. ಅದರ ಮಾಲೀಕರು 74 ವರ್ಷದ ನಿವೃತ್ತ ಎಂಜಿನಿಯರ್. ನಾವು ಅವರನ್ನ ಸರ್ ಅಂತೀವಿ, ಅವರ ಮನೆಯವರನ್ನ ಅಮ್ಮ ಅಂತೀವಿ. ಮೊದಲ ಸಲ ಗೇಟಿನ ಹೊರಗೆ ನಿಂತು ಇಣುಕ್ತಿದ್ದ ನಮ್ಮನ್ನ ಒಳಗೆ ಕರೆದು, ಬಾನೆಟ್ ಎತ್ತಿ, "ಗುರುತು ಸಿಗ್ತಾ?" ಅಂತ ಕೇಳಿದ್ರು. ಸಿಗಲಿಲ್ಲ. "ನಮ್ಮ ಅಂಬಾಸಿಡರ್ ಎಂಜಿನ್ನಿನ ಅಣ್ಣ ಕಣ್ರಯ್ಯಾ" ಅಂದ್ರು. ನಿಜವೇ. ಅಂಬಾಸಿಡರ್‌ನ 1489 ಸಿಸಿ ಎಂಜಿನ್, ಎಂಜಿಬಿಯ 1798 ಸಿಸಿ ಎಂಜಿನ್, ಎರಡೂ ಒಂದೇ ಬಿ-ಸೀರೀಸ್ ಮನೆತನ.

ಇಂಗ್ಲೆಂಡಿನ ಅಬಿಂಗ್ಡನ್‌ನಲ್ಲಿ 1962ರಿಂದ 1980ರವರೆಗೆ ಈ ಕಾರು ತಯಾರಾಯಿತು. ಅಗಲ ಬರೀ 1.52 ಮೀಟರ್. ಇವತ್ತಿನ ಸ್ವಿಫ್ಟ್ ಸುಮಾರು 1.73 ಮೀಟರ್ ಇದೆ, ಪಕ್ಕದಲ್ಲಿ ನಿಲ್ಲಿಸಿದ್ರೆ ಎಂಜಿಬಿ ತಮ್ಮನ ಥರ ಕಾಣುತ್ತೆ. ಸರ್ ಕಾರಿಗೆ ಬುಲೆಟ್ ಬೈಕಿನಂಥ ಸ್ಪೋಕ್ ಚಕ್ರಗಳು. ರಿಮ್ಮಿನ ಅಗಲ ನಾಲ್ಕೂವರೆ ಇಂಚು, ವ್ಯಾಸ 14 ಇಂಚು.

ಹಳೇ ಟೈರಿನಲ್ಲಿ ಗ್ರೂವ್ ಚೆನ್ನಾಗೇ ಇತ್ತು. ಆದ್ರೆ ಪಕ್ಕದ ಗೋಡೆಯ ಮೇಲೆ 1409 ಅಂತ ಅಚ್ಚಾಗಿತ್ತು, ಅಂದ್ರೆ 2009ರ 14ನೇ ವಾರದಲ್ಲಿ ತಯಾರಾದದ್ದು. ಉಗುರಿಂದ ಒತ್ತಿದ್ರೆ ಸಣ್ಣ ಸಣ್ಣ ಬಿರುಕು ಬಾಯಿ ಬಿಡ್ತಿತ್ತು. ಸರ್ ವರ್ಷಕ್ಕೊಂದು ಸಲ, ಆಷಾಢದ ಜಾತ್ರೆ ಮುಗಿದ ಮೇಲೆ, ಅಮ್ಮನ್ನ ಕೂರಿಸ್ಕೊಂಡು ಇದೇ ಕಾರಲ್ಲಿ ಚಾಮುಂಡಿ ಬೆಟ್ಟಕ್ಕೆ ಹೋಗ್ತಾರೆ. ಇಂಥ ಟೈರಲ್ಲಿ ಆ ತಿರುವುಗಳನ್ನ ಇಳಿಯೋದು ಬೇಡ ಅಂತ ನಾವೇ ಹೇಳಿದ್ವಿ. "ಹಾಗಾದ್ರೆ ಪುಸ್ತಕದಲ್ಲಿ ಏನಿದ್ಯೋ ಅದನ್ನೇ ಹಾಕ್ಸಿ" ಅಂತ ದುಡ್ಡು ಕೊಟ್ಟು ಕಳಿಸಿದ್ರು.

ಪುಸ್ತಕದ ಪ್ರಕಾರ ರೇಡಿಯಲ್ ಸೈಜು 165 ಎಸ್ಆರ್ 14. ಹಳೇ ಪದ್ಧತಿಯಲ್ಲಿ ಪ್ರೊಫೈಲ್ ನಂಬರ್ ಬರೆದಿಲ್ಲ ಅಂದ್ರೆ ಅದು 80ರ ಆಸುಪಾಸು. ಅಂದ್ರೆ ಈಗಿನ ಭಾಷೆಯಲ್ಲಿ 165/80 ಆರ್ 14. ಅಗಲ 165 ಮಿ.ಮೀ., ಗೋಡೆಯ ಎತ್ತರ ಅದರ ಶೇ. 80, ಅಂದ್ರೆ 132 ಮಿ.ಮೀ. ಒಟ್ಟು ವ್ಯಾಸ ಸುಮಾರು 620 ಮಿ.ಮೀ.

ಇಲ್ಲಿಗೇ ನಿಲ್ಲಿಸಬಹುದಿತ್ತು. ಆದ್ರೆ ನಮ್ಮ ಕಣ್ಣಿಗೆ 165 ಅಂದ್ರೆ ಸೈಕಲ್ ಟೈರು. ಸ್ಪೋರ್ಟ್ಸ್ ಕಾರು ಅಂದ್ಮೇಲೆ ದಪ್ಪ ಟೈರ್ ಬೇಡ್ವಾ? ಫೋಟೋ ತೆಗೆದ್ರೆ ಹಿಂದಿನಿಂದ ಭರ್ತಿಯಾಗಿ ಕಾಣಬೇಡ್ವಾ?

ಮೊದಲು 185/60 ನೋಡಿದ್ವಿ. ವ್ಯಾಸ 578 ಮಿ.ಮೀ.ಗೆ ಇಳಿಯುತ್ತೆ. ಸ್ಪೀಡೋಮೀಟರ್ 100 ತೋರಿಸುವಾಗ ಕಾರು ಓಡ್ತಿರೋದು 93ರಲ್ಲಿ. ಜೊತೆಗೆ ಕಾರು 21 ಮಿ.ಮೀ. ಕೆಳಗಿಳಿಯುತ್ತೆ, ನಮ್ಮೂರಿನ ಹಂಪುಗಳಿಗೆ ಸೈಲೆನ್ಸರ್ ಬಲಿ. ಅದನ್ನ ಬಿಟ್ವಿ. 195/60ಕ್ಕೆ ನಾಲ್ಕೂವರೆ ಇಂಚಿನ ರಿಮ್ ಸಾಲಲ್ಲ, ಟೈರಿನ ಬುಡ ಕಿರಿದಾಗಿ ಹೊಟ್ಟೆ ಉಬ್ಬುತ್ತೆ. ಅದನ್ನೂ ಬಿಟ್ವಿ. ಉಳಿದದ್ದು 185/70. ವ್ಯಾಸ 615, ಅಂದ್ರೆ ಶೇ. 1ಕ್ಕಿಂತ ಕಡಿಮೆ ವ್ಯತ್ಯಾಸ. ರಿಮ್ ಅಗಲ? 185/70ಕ್ಕೆ ನಾಲ್ಕೂವರೆ ಇಂಚು ಅನ್ನೋದು ಕನಿಷ್ಠ ಮಿತಿ. ಮಿತಿಯೊಳಗೇ ಇದ್ಯಲ್ಲ! ಎಕ್ಸೆಲ್ ಶೀಟಿನಲ್ಲಿ ಹಸಿರು ಬಣ್ಣ ಹಚ್ಚಿದ್ವಿ.

ಸರ್‌ಗೆ ಫೋನ್ ಮಾಡಿ ಹೇಳಿದ್ದು ಮಾತ್ರ ಬೇರೆ. "165 ಈಗ ಎಲ್ಲೂ ಸಿಗಲ್ಲ ಸರ್, 185 ಹಾಕಿಸಬೇಕು." ನಿಜ ಹೇಳಬೇಕಂದ್ರೆ ನಾವು ಹುಡುಕಿಯೇ ಇರಲಿಲ್ಲ. "ನಿಮಗೆ ಗೊತ್ತಿರುತ್ತಲ್ಲಪ್ಪ" ಅಂದ್ರು.

ಟೈರ್ ಹಾಕಿಸಿ ತಂದ ದಿನ ಕಾರು ಏನ್ ಮಸ್ತಾಗಿ ಕಾಣ್ತಿತ್ತು ಅಂದ್ರೆ, ಸ್ಟೇಟಸ್ಸಿಗೆ ಹಾಕಿದ ಫೋಟೋಗೆ ಇಡೀ ಬ್ಯಾಚು ಬೆಂಕಿ ಇಮೋಜಿ ಒತ್ತಿತ್ತು. ಸಂಜೆ ಸರ್ ಮತ್ತು ಅಮ್ಮ ಒಂದು ರೌಂಡ್ ಹೋದ್ರು. ಮೊದಲ ಹಂಪಿನಲ್ಲೇ ಎಡಗಡೆ ಹಿಂದಿನಿಂದ ಸರ್ರ್ ಅಂತ ಸದ್ದು. ಆಮೇಲೆ ಅಳೆದಾಗ ಗೊತ್ತಾಯ್ತು, ಹಿಂದಿನ ಆಕ್ಸಲ್ ಬಾಡಿಗೆ ನಟ್ಟನಡುವೆ ಕೂತಿಲ್ಲ, ಎಡಗಡೆ ಜಾಗ ಕಮ್ಮಿ. ಸ್ಪೋಕ್ ಚಕ್ರದ ಎಂಜಿಬಿಗಳಲ್ಲಿ ಇದು ಹಳೇ ಕತೆ. ನಮ್ಮ ಎಕ್ಸೆಲ್ ಶೀಟಿನಲ್ಲಿ ಆ ಕಾಲಮ್ಮೇ ಇರಲಿಲ್ಲ.

ಅದನ್ನಾದ್ರೂ ನಗ್ತಾ ಮರೀಬಹುದಿತ್ತು. ಮರೆಯೋಕಾಗದ್ದು ಗೇಟಿನ ಹತ್ರ ಆಯ್ತು. ಆ ಮನೆಯ ಗೇಟು ಸಣ್ಣದು, ರಸ್ತೆಯೂ ಸಣ್ಣದು. ನಿಂತಲ್ಲೇ ಸ್ಟಿಯರಿಂಗ್ ಪೂರ್ತಿ ತಿರುಗಿಸಿದರೆ ಮಾತ್ರ ಕಾರು ಒಳಗೆ ಹೋಗುತ್ತೆ. ಪವರ್ ಸ್ಟಿಯರಿಂಗ್ ಇಲ್ಲ, ಎಲ್ಲಾ ತೋಳಿನ ಕೆಲಸ. ಸರ್ ಅರ್ಧ ತಿರುಗಿಸಿ ನಿಲ್ಲಿಸಿದ್ರು. ಮತ್ತೆ ಪ್ರಯತ್ನಿಸಿದ್ರು, ಮತ್ತೆ ನಿಲ್ಲಿಸಿದ್ರು. ಬಲ ಭುಜ ಹಿಡ್ಕೊಂಡು ಕೆಳಗಿಳಿದು, "ನೀವೇ ಒಳಗೆ ಹಾಕ್ರಪ್ಪ" ಅಂತ ಕೀ ಕೊಟ್ರು. ಕಾಫಿ ಕುಡೀತಾ ಅಮ್ಮನಿಗೆ ಮೆಲ್ಲಗೆ ಹೇಳಿದ್ರು: "ಸಾಕು ಬಿಡೇ. ನನ್ನ ಕೈಲಿ ಇನ್ನಾಗಲ್ಲ. ಯಾರಿಗಾದ್ರೂ ಕೊಟ್ಬಿಡೋಣ." ಅಮ್ಮ ಏನೂ ಹೇಳಲಿಲ್ಲ.

ನಾವೂ ಏನೂ ಹೇಳಲಿಲ್ಲ. ಅದೇ ನಮ್ಮನ್ನ ಚುಚ್ಚಿದ್ದು. ಸರ್ ತಮ್ಮ ವಯಸ್ಸನ್ನ ಬೈಕೋತಿದ್ರು, ತಪ್ಪು ಅವರ ಭುಜದ್ದಲ್ಲ, ನಮ್ಮ ಟೈರಿನದ್ದು ಅಂತ ಆ ಮನೆಯಲ್ಲಿ ಗೊತ್ತಿದ್ದದ್ದು ನಾಲ್ಕೇ ಜನಕ್ಕೆ.

ರಾತ್ರಿ ರೂಮಲ್ಲಿ ಮತ್ತೆ ಲೆಕ್ಕಕ್ಕೆ ಕೂತ್ವಿ. ಒಂದು ಚಕ್ರದ ಮೇಲೆ ಸುಮಾರು 250 ಕೆ.ಜಿ. ಭಾರ, ಒಳಗೆ 24 ಪಿಎಸ್ಐ ಗಾಳಿ. ಭಾರವನ್ನ ಒತ್ತಡದಿಂದ ಭಾಗಿಸಿದ್ರೆ ನೆಲಕ್ಕೆ ತಾಗೋ ಜಾಗ ಸುಮಾರು 150 ಚದರ ಸೆಂ.ಮೀ., ಒಂದು ಅಂಚೆ ಕಾರ್ಡಿಗಿಂತ ಸ್ವಲ್ಪ ದೊಡ್ಡದು. ಟೈರ್ ಅಗಲ ಆದ್ರೆ ಈ ಜಾಗ ಅಂಥ ಹೆಚ್ಚೇನೂ ಆಗಲ್ಲ, ಆಕಾರ ಬದಲಾಗುತ್ತೆ. ಉದ್ದಕ್ಕಿದ್ದ ಕಾರ್ಡು ಅಡ್ಡ ತಿರುಗುತ್ತೆ. ತಿರುವಿನಲ್ಲಿ ಅದರಿಂದ ಲಾಭ ಉಂಟು, ರೇಸಿನಲ್ಲಿ ಬೇಕೇ ಬೇಕು. ಆದ್ರೆ ನಿಂತಲ್ಲೇ ತಿರುಗಿಸುವಾಗ ಅಗಲವಾದ ಅಂಚುಗಳು ನೆಲವನ್ನ ಉಜ್ಜಿಕೊಂಡು ತಿರುಗಬೇಕು, ಆ ಭಾರ ಪೂರ್ತಿ ತೋಳಿಗೆ ಬರುತ್ತೆ. ಬೆಟ್ಟಕ್ಕೆ 40ರಲ್ಲಿ ಹೋಗೋ ಸರ್‌ಗೆ ಆ ಲಾಭ ಯಾಕೆ, ಈ ನಷ್ಟ ಯಾಕೆ?

ಮಾರನೇ ದಿನ 165/80 ಆರ್ 14 ಹುಡುಕೋಕೆ ಹೊರಟ್ವಿ. ಮೊದಲ ಅಂಗಡಿಯಲ್ಲೇ ಸಿಕ್ತು. ರಾಶಿ ರಾಶಿ ಇತ್ತು. ಅಂಗಡಿಯವರು ನಮ್ಮನ್ನ ಮೇಲೆ ಕೆಳಗೆ ನೋಡಿ, "ಡಿಜೈರ್ ಟೈರಾ?" ಅಂದ್ರು. ಹೌದು ಗುರೂ, ಸ್ವಿಫ್ಟ್, ಡಿಜೈರ್‌ಗಳ ಕೆಳಗಿನ ಮಾಡೆಲ್‌ಗಳಿಗೆ ಬರೋದು ಇದೇ ಸೈಜು. ನಾವು "ಎಲ್ಲೂ ಸಿಗಲ್ಲ" ಅಂದಿದ್ದ ಟೈರು ನಮ್ಮ ಹಾಸ್ಟೆಲ್ ಮುಂದೆ ದಿನಾ ನಿಲ್ಲೋ ಟ್ಯಾಕ್ಸಿಗಳಲ್ಲಿ ಓಡಾಡ್ತಿತ್ತು.

ಸರ್ ಮನೆಗೆ ಹೋಗಿ ಎಲ್ಲಾ ಹೇಳಿದ್ವಿ. ಹುಡುಕಿರಲಿಲ್ಲ, ಫೋಟೋಗೋಸ್ಕರ ದಪ್ಪ ಟೈರ್ ಹಾಕಿಸಿದ್ವಿ, ಭುಜದ್ದು ತಪ್ಪಲ್ಲ. ಬೈತಾರೆ ಅಂದ್ಕೊಂಡಿದ್ವಿ. ಅವರು ತುಂಬಾ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಭುಜ ಇನ್ನೂ ಇದೆ ಅಂತೀರಾ?" ಅಂದ್ರು. ಅಮ್ಮ ಒಳಗಿಂದ ಜೋರಾಗಿ ನಕ್ಕಿದ್ದು ಕೇಳಿಸ್ತು.

ಹೊಸ ಟೈರಿನ ದುಡ್ಡು ನಾವೇ ಕೊಟ್ವಿ. ಕಾಲೇಜ್ ಫೆಸ್ಟ್ ಆದ್ಮೇಲೆ ಗೋಕರ್ಣಕ್ಕೆ ಹೋಗೋಕೆ ಇಟ್ಟಿದ್ದ ದುಡ್ಡು. ಅಂಗಡಿಯವರು ಹಳೇ ನಾಲ್ಕರಲ್ಲಿ ಎರಡನ್ನ ಅರ್ಧ ಬೆಲೆಗೆ ತಗೊಂಡ್ರು. ಈ ಸಲ ಪ್ರತಿಯೊಂದನ್ನೂ ನೋಡಿ ಮಾಡಿದ್ವಿ. ಲೋಡ್ ನಂಬರ್ 85, ಅಂದ್ರೆ ಟೈರಿಗೆ 515 ಕೆ.ಜಿ., ಬೇಕಾದಷ್ಟಾಯ್ತು. ಸ್ಪೋಕಿನ ನಿಪ್ಪಲ್‌ಗಳಿರೋ ಕಡೆ ಗಾಳಿ ನಿಲ್ಲಲ್ಲ, ಹಾಗಾಗಿ ಟ್ಯೂಬ್ ಬೇಕೇ ಬೇಕು. ಟೈರಿನ ಒಳಮೈಯಲ್ಲಿ ಟ್ಯೂಬನ್ನ ಉಜ್ಜಿ ತೂತು ಮಾಡುವಂಥ ಏಣುಗಳಿಲ್ಲ ಅಂತ ಕೈಯಾಡಿಸಿ ನೋಡಿ, ನಿಪ್ಪಲ್ ಮೇಲೆ ರಿಮ್ ಟೇಪ್ ಸುತ್ತಿ, ರೇಡಿಯಲ್‌ಗೆ ಹೊಂದುವ ಟ್ಯೂಬ್ ಹಾಕಿಸಿದ್ವಿ.

ಗೇಟಿನ ಹತ್ರ ನಾವು ನಾಲ್ಕೂ ಜನ ಉಸಿರು ಬಿಗಿಹಿಡಿದು ನಿಂತಿದ್ವಿ. ಸರ್ ಸ್ಟಿಯರಿಂಗ್ ತಿರುಗಿಸಿದ್ರು. ಕಷ್ಟಪಟ್ಟೇ ತಿರುಗಿಸಿದ್ರು, 74 ವರ್ಷ ಸುಳ್ಳಲ್ಲ. ಆದ್ರೆ ಪೂರ್ತಿ ತಿರುಗಿಸಿದ್ರು.

ಆಷಾಢ ಕಳೆದ ಮೇಲೆ ಇಬ್ಬರೂ ಬೆಟ್ಟಕ್ಕೆ ಹೋದ್ರು. ನಾವು ಎರಡು ಬೈಕಿನಲ್ಲಿ ಹಿಂದೆ. ಮೇಲೆ ಪಾರ್ಕಿಂಗ್‌ನಲ್ಲಿ ಒಬ್ಬ ಟ್ಯಾಕ್ಸಿ ಡ್ರೈವರ್ ಕಾರಿನ ಸುತ್ತ ಎರಡು ಸುತ್ತು ಬಂದು, ಚಕ್ರದ ಹತ್ರ ಬಗ್ಗಿ ಓದಿ, ಸರ್‌ಗೆ ಹೇಳಿದ: "ಸಾರ್, ನಮ್ದೂ ಇದೇ ಸೈಜು!"

ಉಳಿದ ಎರಡು 185/70 ನಮ್ಮ ಹಾಸ್ಟೆಲ್ ಟೆರೇಸಿನಲ್ಲಿವೆ. ಕೂರೋಕೆ ಚೆನ್ನಾಗಿವೆ.