ಕಜ್ಜಾಯದ ಮೇಲೊಂದು ಹೆಜ್ಜೆ

ಮಕ್ಕಳು ನಡೆಯಲು ಕಲಿಯುವುದಕ್ಕೆ ಯಾವ ತಿಂಗಳು ಒಳ್ಳೆಯದು? ಪಂಚಾಂಗ ತೆಗೆದು ನೋಡಿ. ನಾಮಕರಣಕ್ಕೆ ಮುಹೂರ್ತ ಇದೆ, ಅನ್ನಪ್ರಾಶನಕ್ಕಿದೆ, ಕಿವಿ ಚುಚ್ಚುವುದಕ್ಕಿದೆ, ಅಕ್ಷರಾಭ್ಯಾಸಕ್ಕಂತೂ ಇದ್ದೇ ಇದೆ. ಮೊದಲ ಹೆಜ್ಜೆಗೆ ಮಾತ್ರ ಇಲ್ಲ. ಅಷ್ಟು ದೊಡ್ಡ ಕೆಲಸವನ್ನು ನಮ್ಮ ಹಿರಿಯರು ಮಗುವಿನ ಇಷ್ಟಕ್ಕೇ ಬಿಟ್ಟುಬಿಟ್ಟರು. ಬಿಟ್ಟದ್ದು ಒಳ್ಳೆಯದೇ ಆಯಿತು. ಆದರೂ ನನ್ನನ್ನು ಕೇಳಿದರೆ ಆಶ್ವೀಜ ಅನ್ನುತ್ತೇನೆ. ಎಲ್ಲ ಸೀಮೆಯ ಮಾತಲ್ಲ ಇದು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕಿನ ಮಟ್ಟಿಗೆ ಹೇಳುತ್ತಿದ್ದೇನೆ.

ಈ ನಾಲ್ಕೇ ಏಕೆ ಅಂತೀರಾ? ತುಮಕೂರು ಕಂದಾಯದವರಿಗೆ ಒಂದೇ ಜಿಲ್ಲೆ, ಶಾಲೆಯವರಿಗೆ ಎರಡು. ಈ ನಾಲ್ಕು ತಾಲ್ಲೂಕು ಸೇರಿದ್ದು ಮಧುಗಿರಿ ಶೈಕ್ಷಣಿಕ ಜಿಲ್ಲೆ. ನನ್ನ ಮೇಷ್ಟರ ಕೆಲಸವೆಲ್ಲ ಇದರೊಳಗೇ ಸುತ್ತಿತು. ವರ್ಗವಾದರೆ ಕೊರಟಗೆರೆಯಿಂದ ಶಿರಾ, ಶಿರಾದಿಂದ ಪಾವಗಡ, ತಿರುಗಿ ಮಧುಗಿರಿ. ಹಾಗಾಗಿ ಇಲ್ಲಿನ ನೆಲ ಯಾವ ತಿಂಗಳಲ್ಲಿ ಹೇಗಿರುತ್ತದೆ ಅನ್ನುವುದು ನನ್ನ ಅಂಗಾಲಿಗೆ ಗೊತ್ತು.

ಚೈತ್ರದ ಮಾತು ಬಿಡಿ. ಮಧುಗಿರಿಯ ಬೆಟ್ಟ ಒಂದೇ ಕಲ್ಲು, ಏಷ್ಯಾದಲ್ಲೇ ದೊಡ್ಡ ಏಕಶಿಲಾ ಬೆಟ್ಟಗಳಲ್ಲಿ ಒಂದೆಂದು ಅದಕ್ಕೆ ಹೆಸರು. ಹಗಲೆಲ್ಲ ಕುಡಿದ ಬಿಸಿಲನ್ನು ಅದು ರಾತ್ರಿ ಊರಿಗೆ ಹಂಚುತ್ತದೆ. ಅಂಗಳದ ಚಪ್ಪಡಿಯ ಮೇಲೆ ದೊಡ್ಡವರ ಕಾಲೇ ನಿಲ್ಲುವುದಿಲ್ಲ, ಇನ್ನು ಎಳೆಯ ಪಾದ ಇಡುವುದುಂಟೇ? ಆಷಾಢದಲ್ಲಿ ಗಾಳಿ. ಪಾವಗಡದ ಕಡೆಯ ಗಾಳಿ ಕಂಡವರಿಗೆ ನಾನು ಹೇಳಬೇಕಾಗಿಲ್ಲ. ಆಗತಾನೇ ಎದ್ದು ನಿಂತ ಮಗುವನ್ನು ಕೂರಿಸಿಬಿಡುತ್ತದೆ, ಕಣ್ಣಿಗೆ ದೂಳು ಬೇರೆ. ಮುಂಗಾರಿನ ದೊಡ್ಡ ಮಳೆಯನ್ನು ಪಶ್ಚಿಮ ಘಟ್ಟ ಅಲ್ಲೇ ಇಳಿಸಿಕೊಂಡು ನಮ್ಮ ಕಡೆಗೆ ಗಾಳಿಯನ್ನಷ್ಟೇ ಕಳಿಸುತ್ತದೆ. ನಮ್ಮ ಪಾಲಿನ ಮಳೆ ಹೆಚ್ಚಾಗಿ ಬರುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲೇ. ಉತ್ತರೆ, ಹಸ್ತ, ಚಿತ್ತೆ, ಸ್ವಾತಿ. ಅಷ್ಟು ಹೊತ್ತಿಗೆ ನೆಲ ಮೆತ್ತಗಾಗಿರುತ್ತದೆ, ಬದುಗಳ ಮೇಲೆ ಗರಿಕೆ ಬಂದಿರುತ್ತದೆ, ಬಿದ್ದರೂ ಮಂಡಿ ತರಚುವುದಿಲ್ಲ. ಚಿತ್ತೆ ಮಳೆ ಚಿತ್ತ ಬಂದ ಕಡೆ ಅಂತ ರೈತರು ಹೇಳುತ್ತಾರಲ್ಲ, ನಿಜ. ಬಸ್‌ಸ್ಟ್ಯಾಂಡಿನಲ್ಲಿ ಧೋ ಅಂತ ಹುಯ್ದದ್ದು ದಂಡಿನ ಮಾರಮ್ಮನ ಗುಡಿಯ ಕಡೆ ಹನಿಯೂ ಇರುವುದಿಲ್ಲ. ವರ್ಷ ತುಂಬಿದ ಮಗುವೂ ಅಷ್ಟೆ. ಈ ಕಡೆ ಬರುತ್ತದೆ ಅಂತ ನೀವು ಕೈ ಚಾಚಿ ಕೂತರೆ ಆ ಕಡೆ ಹೊರಟುಬಿಡುತ್ತದೆ.

ನಮ್ಮ ಮೊಮ್ಮಗಳು ಎದ್ದು ನಿಂತದ್ದು ಪಿತೃಪಕ್ಷದಲ್ಲಿ. ಹಿರಿಯರ ಹಬ್ಬಕ್ಕೆ ಎಡೆ ಇಡುವ ಗಡಿಬಿಡಿ, ಮನೆಯವರೆಲ್ಲ ಒಳಗೆ. ಪಡಸಾಲೆಯ ಕಂಬ ಹಿಡಿದು ನಿಂತಿದ್ದವಳು ಕಂಬ ಬಿಟ್ಟಳು. ಅವಳ ಅಜ್ಜಿ, ಅಂದರೆ ನಮ್ಮ ಮನೆಯವರು, ಒಬ್ಬಟ್ಟಿನ ಹಿಟ್ಟಿನ ಕೈಯಲ್ಲೇ ಓಡಿಬಂದು, "ನಮ್ಮತ್ತೆ ನೋಡೋಕೆ ಬಂದವ್ರೆ, ಅದಕ್ಕೇ ನಡೀತೈತೆ ಕೂಸು" ಅಂದರು. ನನ್ನ ತಾಯಿ ಹೋಗಿ ಎಷ್ಟೋ ವರ್ಷವಾಯಿತು. ನಾನು ಆ ಮಾತನ್ನು ನಂಬಿದೆ, ಈಗಲೂ ನಂಬುತ್ತೇನೆ.

ಅದಕ್ಕೂ ಮೊದಲಿನ ಎರಡು ಮೂರು ತಿಂಗಳು ನಮ್ಮ ಸೊಸೆ ಪಟ್ಟ ಪಾಡು ಹೇಳುತ್ತೇನೆ ಕೇಳಿ. ಬಾಗಿಲಿಗೆ ಬಂದವರೆಲ್ಲ ಕೇಳುವುದು ಒಂದೇ, "ಇನ್ನೂ ನಡೀತಿಲ್ವಾ?" ತರಕಾರಿಯವರು ಕೇಳುತ್ತಾರೆ, ಹಾಲಿನವರು ಕೇಳುತ್ತಾರೆ, ಮದುವೆಮನೆಯಲ್ಲಿ ಗುರುತಿಲ್ಲದವರೂ ಕೇಳುತ್ತಾರೆ. ಕೇಳುವವರ ಮನಸ್ಸಿನಲ್ಲಿ ಕೆಟ್ಟದ್ದಿರುವುದಿಲ್ಲ, ಆದರೆ ಅವರು ಹೋದ ಮೇಲೆ ತಾಯಿ ಮಗುವಿನ ಕಾಲನ್ನೇ ನೋಡುತ್ತಾ ಕೂತಿರುತ್ತಾಳೆ. ವಿಶ್ವ ಆರೋಗ್ಯ ಸಂಸ್ಥೆಯವರು ಭಾರತ, ಘಾನಾ, ನಾರ್ವೆ, ಒಮಾನ್, ಅಮೆರಿಕ ಈ ಐದು ದೇಶಗಳ ಮಕ್ಕಳನ್ನು ನೋಡಿ 2006ರಲ್ಲಿ ಒಂದು ಲೆಕ್ಕ ಪ್ರಕಟಿಸಿದರು. ಆರೋಗ್ಯವಾಗಿರುವ ಮಗು ತಾನೇ ತಾನಾಗಿ ನಡೆಯುವುದು ಎಂಟು ತಿಂಗಳಿಗೂ ಆಗಬಹುದು, ಹದಿನೇಳು ತಿಂಗಳು ದಾಟಿಯೂ ಆಗಬಹುದು. ನಡುವೆ ಎಷ್ಟು ಅಗಲವಾದ ಬಯಲು ನೋಡಿ! ಆ ಬಯಲಿನಲ್ಲಿ ಮಗು ಎಲ್ಲಿ ಬೇಕಾದರೂ ಎದ್ದು ನಿಲ್ಲಲಿ. ದಯಮಾಡಿ ತಾಯಂದಿರನ್ನು ಕೇಳಬೇಡಿ. ಕೇಳಲೇಬೇಕು ಅನ್ನಿಸಿದರೆ, ಮಗು ಊಟ ಮಾಡ್ತಾ ಅಂತ ಕೇಳಿ. ಅದಕ್ಕೂ ಉತ್ತರ ಉದ್ದವೇ, ಆದರೆ ಅದರಲ್ಲಿ ನೋವಿಲ್ಲ.

ಆ ದಿನಗಳಲ್ಲೇ ನೆಂಟರೊಬ್ಬರು ಪ್ಲಾಸ್ಟಿಕ್ ವಾಕರ್ ತಂದುಕೊಡುತ್ತೇನೆ ಅಂದರು. ಮಗುವನ್ನು ನಡುವೆ ಕೂರಿಸಿ ಉರುಳಿಸುವಂಥದ್ದು. ಬೇಡ ಅಂದೆವು. ಅದರಲ್ಲಿ ಕೂತ ಮಗು ಕಣ್ಣು ಮಿಟುಕಿಸುವುದರೊಳಗೆ ಮೆಟ್ಟಿಲ ತುದಿಗೆ ಹೋಗಿರುತ್ತದೆ. ಕೆನಡಾದಲ್ಲಿ 2004ರಲ್ಲೇ ಅದರ ಮಾರಾಟ ನಿಲ್ಲಿಸಿದರು. ಅದರ ಬದಲು ಮನೆಗೆ ಬಂದದ್ದು ಚನ್ನಪಟ್ಟಣದ ಮರದ ಗಾಡಿ. ಮೂರು ಗಾಲಿ, ಮುಂದೊಂದು ಹಿಡಿ, ಮಗು ಹಿಂದೆ ನಿಂತು ತಳ್ಳಬೇಕು. ಅರಗಿನ ಬಣ್ಣ, ಬಾಯಿಗಿಟ್ಟರೂ ಚಿಂತೆಯಿಲ್ಲ. ಇಟ್ಟೂ ಇಟ್ಟಳು.

ಆಯುಧಪೂಜೆಯ ದಿನ ನಮ್ಮ ಬೀದಿಯಲ್ಲಿ ಟ್ರ್ಯಾಕ್ಟರು, ಆಟೊ, ಬೈಕು, ಹೊಲಿಗೆ ಮಿಷನ್ನು, ಎಲ್ಲಕ್ಕೂ ಬಾಳೆಕಂದು ಕಟ್ಟಿದರು. ನನ್ನ ಮಗ ಬೈಕ್ ತೊಳೆಯುತ್ತಿದ್ದವನು ಆ ಮರದ ಗಾಡಿಯನ್ನೂ ತೊಳೆದು ಪಕ್ಕಕ್ಕಿಟ್ಟ. ಅದಕ್ಕೂ ವಿಭೂತಿ, ಕುಂಕುಮ, ಹಿಡಿಗೆ ಸುತ್ತಿದ ಚೆಂಡುಹೂವಿನ ಸರ. ಬೂದುಗುಂಬಳ ಒಡೆದದ್ದಾಯಿತು. ಗಾಲಿಯಡಿ ನಿಂಬೆಹಣ್ಣು ಇಡುವಾಗ ಪಕ್ಕದ ಮನೆಯ ಹುಡುಗರಲ್ಲಿ ಜಗಳ ಬಂತು, ಮೂರು ಗಾಲಿಗೆ ಎರಡೇ ಹಣ್ಣು ಸಾಕೇ, ಮೂರು ಬೇಕೇ ಅಂತ. ಮೂರೇ ಇಟ್ಟರು. ಮಗು ತಳ್ಳಿತು. ಬೈಕಿನ ಗಾಲಿಗೆ ನಿಂಬೆಹಣ್ಣು ಅಪ್ಪಚ್ಚಿಯಾಗುತ್ತದೆ. ಈ ಗಾಡಿ ಹಣ್ಣಿನ ಮೇಲೆ ಹತ್ತಲಾರದೆ ಅದನ್ನೇ ಮುಂದೆ ಮುಂದೆ ದೂಡಿಕೊಂಡು ಹೋಯಿತು. ಮೂರೂ ಹಣ್ಣು ಉರುಳಿ ಚರಂಡಿಯ ತನಕ ಹೋದವು, ಹಿಂದೆಯೇ ಗಾಡಿ, ಗಾಡಿಯ ಹಿಂದೆ ಮೊಮ್ಮಗಳು, ಅವಳ ಹಿಂದೆ ಇಡೀ ಬೀದಿ.

ದಸರಾ ರಜೆ ಅಂದರೆ ಮನೆ ತುಂಬ ಮಕ್ಕಳು. ಒಂದು ದಿನ ಎಲ್ಲರನ್ನೂ ತುಂಬಿಕೊಂಡು ಮೈದನಹಳ್ಳಿಗೆ ಹೋದೆವು. ಮಧುಗಿರಿ ತಾಲ್ಲೂಕಿನದೇ ಊರು, ಅಲ್ಲಿನ ಹುಲ್ಲುಗಾವಲಿನಲ್ಲಿ ಕೃಷ್ಣಮೃಗಗಳಿವೆ. 2007ರಲ್ಲಿ ಅದನ್ನು ಜಯಮಂಗಲಿಯ ಹೆಸರಿನಲ್ಲಿ ಸಂರಕ್ಷಿತ ಪ್ರದೇಶ ಅಂತ ಘೋಷಿಸಿದರು. ಜಯಮಂಗಲಿ ನಮ್ಮ ಹೊಳೆ, ದೇವರಾಯನದುರ್ಗದಲ್ಲಿ ಹುಟ್ಟಿ ಕೊರಟಗೆರೆ, ಮಧುಗಿರಿ ಹಾದು ಪಿನಾಕಿನಿಗೆ ಸೇರುವುದು. ಕರಿ ಬೆನ್ನು, ಬಿಳಿ ಹೊಟ್ಟೆ, ತಿರುಚಿದ ಕೊಂಬಿನ ಗಂಡೊಂದು ಹುಲ್ಲಿನಲ್ಲಿ ನಿಂತಿತ್ತು. ದೊಡ್ಡ ಮಕ್ಕಳು ಉಸಿರು ಬಿಗಿಹಿಡಿದು ನೋಡಿದರು. ನಮ್ಮ ಪುಟ್ಟಿ ನೋಡಲಿಲ್ಲ. ಅವಳು ನೋಡಿದ್ದು ಕಾಲ ಬಳಿಯ ಗೊದ್ದವನ್ನು. ಆ ಗೊದ್ದ ಒಣಗಿದ ಹುಲ್ಲಿನ ಕಾಳೊಂದನ್ನು ಕಚ್ಚಿಕೊಂಡು ಹಿಮ್ಮುಖವಾಗಿ ನಡೆಯುತ್ತಿತ್ತು. ಸಣ್ಣ ಕಲ್ಲು ಅಡ್ಡ ಬಂದರೆ ಕಾಳನ್ನು ಕೆಳಗಿಟ್ಟು, ಕಲ್ಲು ಸುತ್ತಿ ಬಂದು, ಮತ್ತೆ ಕಚ್ಚಿ ಎಳೆಯುವುದು. ಅವಳು ಕುಕ್ಕರಗಾಲಿನಲ್ಲಿ ಕೂತು, ಎರಡೂ ಕೈ ಮಂಡಿಯ ಮೇಲಿಟ್ಟು, ಗೊದ್ದ ಕಲ್ಲು ದಾಟುವ ತನಕ ಕದಲಲಿಲ್ಲ. ನಾನೂ ಕೂತೆ. ಅಷ್ಟರಲ್ಲಿ ಮೃಗ ಎಲ್ಲಿಗೋ ಹೋಗಿತ್ತು. ಮಗುವನ್ನು ಕರೆದುಕೊಂಡು ಹೋದವರು ಮಗು ನೋಡಿದ್ದನ್ನು ನೋಡಬೇಕು, ಟಿಕೆಟ್ಟಿನಲ್ಲಿ ಬರೆದದ್ದನ್ನಲ್ಲ.

ಹುಳುವಿನ ಮಾತು ಬಂತಲ್ಲ, ಏರೋಪ್ಲೇನ್ ಚಿಟ್ಟೆಯ ವಿಷಯ ಹೇಳಿಬಿಡುತ್ತೇನೆ, ಆಮೇಲೆ ಮರೆತುಹೋಗುತ್ತದೆ. ಮಳೆ ಬಿಟ್ಟ ಸಂಜೆ ಅಂಗಳದ ಮೇಲೆ ಹಳದಿ ಮೈಯ ಚಿಟ್ಟೆಗಳು ಗುಂಪುಗುಂಪಾಗಿ ತೇಲುತ್ತವೆ, ಕೂರುವುದೇ ಇಲ್ಲ. ಪುಟ್ಟಿ ಕೈ ಎತ್ತಿ ಹಿಡಿಯಲು ಹೋಗಿ ಹಿಂದಕ್ಕೆ ಕೂತುಬಿಡುತ್ತಾಳೆ. ನಾನೂ ಚಿಕ್ಕಂದಿನಲ್ಲಿ ಅವುಗಳ ಹಿಂದೆ ಓಡಿದವನೇ. ಅವು ಎಲ್ಲಿಗೆ ಹೊರಟಿರುತ್ತವೆ ಗೊತ್ತೇ? ಚಾರ್ಲ್ಸ್ ಆಂಡರ್ಸನ್ ಅನ್ನುವ ಕಡಲ ವಿಜ್ಞಾನಿ ಮಾಲ್ಡೀವ್ಸಿನಲ್ಲಿದ್ದವರು. ಸಿಹಿನೀರಿನ ಕೆರೆಕುಂಟೆ ಹೆಚ್ಚುಕಡಿಮೆ ಇಲ್ಲವೇ ಇಲ್ಲ ಅನ್ನಬಹುದಾದ ಆ ದ್ವೀಪಗಳಿಗೆ ಅಕ್ಟೋಬರಿನಲ್ಲಿ ಲೆಕ್ಕವಿಲ್ಲದಷ್ಟು ಚಿಟ್ಟೆಗಳು ಹೇಗೆ ಬರುತ್ತವೆ ಅಂತ ವರ್ಷಗಟ್ಟಲೆ ಗಮನಿಸಿದರು. ಭಾರತದಿಂದ ಹೊರಟು, ಗಾಳಿ ಹಿಡಿದು, ಹಿಂದೂ ಮಹಾಸಾಗರ ದಾಟಿ ಪೂರ್ವ ಆಫ್ರಿಕಕ್ಕೆ ಹೋಗುತ್ತವೆ ಅಂತ 2009ರಲ್ಲಿ ಬರೆದರು. ಸಾವಿರಾರು ಕಿಲೋಮೀಟರ್! ನಮ್ಮ ಅಂಗಳದ ಮೇಲೆ ತೇಲುವುದು ಆ ಜಾತಿಯದೇ ಚಿಟ್ಟೆ. ಸಮುದ್ರ ದಾಟಬಲ್ಲ ಕುಲದ ಜೀವವೊಂದನ್ನು ಹಿಡಿಯಲು, ಇನ್ನೂ ಹೊಸ್ತಿಲು ದಾಟಲು ಕಲಿಯುತ್ತಿರುವ ಮಗು ಕೈ ಚಾಚುತ್ತದೆ. ನನಗೆ ಇದಕ್ಕಿಂತ ಚೆನ್ನಾದ ನೋಟ ಬೇಕಿಲ್ಲ.

ಇನ್ನು ಕಡ್ಲೆಕಾಯಿ. ಈ ತಿಂಗಳಲ್ಲಿ ನಮ್ಮ ಕಡೆ ಯಾರ ಮನೆಗೆ ಹೋದರೂ ಬೇಯಿಸಿದ ಕಡ್ಲೆಕಾಯಿಯ ವಾಸನೆ. ಶಿರಾ, ಪಾವಗಡದ ಕೆಂಪು ಮರಳು ನೆಲಕ್ಕೆ ಅದೇ ಬೆಳೆ. ಟಿಎಂವಿ-2 ಅಂತ ಹಳೆಯ ತಳಿ, ತಮಿಳುನಾಡಿನ ತಿಂಡಿವನದಿಂದ ಬಂದದ್ದು. ಹೊಸ ತಳಿಗಳು ಎಷ್ಟು ಬಂದರೂ ನಮ್ಮ ರೈತರಿಗೆ ಇದರ ಮೇಲಿನ ಆಸೆ ಹೋಗಿಲ್ಲ. ಗಿಡ ಕಿತ್ತು ಒದರಿದರೆ ಬೇರಿನ ತುಂಬ ಕಾಯಿ, ಹಸಿ ಮಣ್ಣಿನ ಘಮ. ಮಕ್ಕಳ ಹಬ್ಬ ಅದು. ಆದರೆ ತೀರಾ ಚಿಕ್ಕ ಮಕ್ಕಳ ಕೈಗೆ ಇಡೀ ಬೀಜ ಕೊಡಬಾರದು, ಅದು ಉಸಿರಿನ ಹಾದಿಗೆ ಇಳಿದರೆ ಜೀವಕ್ಕೇ ಅಪಾಯ. ಇದನ್ನು ನಾನು ತಮಾಷೆಗೆ ಹೇಳುತ್ತಿಲ್ಲ. ಅಂಗಳದಲ್ಲಿ ರಾಶಿ ಒಣಹಾಕಿದ ಮನೆಗಳಲ್ಲಿ ಒಬ್ಬರ ಕಣ್ಣು ಸದಾ ಮಗುವಿನ ಮೇಲಿರಬೇಕು. ನಮ್ಮ ಮನೆಯವರು ಬೆಂದ ಬೀಜದ ಸಿಪ್ಪೆ ತೆಗೆದು, ಹೆಬ್ಬೆರಳಿನಿಂದ ಅಂಗೈಯಲ್ಲಿ ಉಜ್ಜಿ ಬೆಣ್ಣೆ ಮಾಡಿ, ಬೆರಳ ತುದಿಯಲ್ಲಿ ಅವಳ ನಾಲಿಗೆಗೆ ಹಚ್ಚುತ್ತಾರೆ. ಒಂದು ಹಿಡಿ ತಿನ್ನಿಸಲು ಒಂದು ಗಂಟೆ. ಯಾರಿಗೆ ಅವಸರ?

ಸೊಸೆಯ ತವರು ಪಾವಗಡ ತಾಲ್ಲೂಕಿನ ತಿರುಮಣಿ ಕಡೆ. ಅಲ್ಲೀಗ ಸೋಲಾರ್ ಪಾರ್ಕ್. ಐದು ಹಳ್ಳಿಯ ಹದಿಮೂರು ಸಾವಿರ ಎಕರೆ ಗುತ್ತಿಗೆಗೆ ಹೋಯಿತು, 2018ರಿಂದ ಕರೆಂಟು ಬರುತ್ತಿದೆ, ಒಟ್ಟು 2,050 ಮೆಗಾವ್ಯಾಟ್ ಅಂತ ಲೆಕ್ಕ. ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಮಳೆ ಕೈಕೊಟ್ಟು ಕೊಟ್ಟು ಸೋತ ಸೀಮೆ ಅದು, ಗ್ಯಾರಂಟಿ ದುಡ್ಡು ಬರುವುದನ್ನು ಬೇಡ ಅನ್ನಿ ಅಂತ ನಾವು ಹೇಳುವ ಹಾಗಿಲ್ಲ. ಬೀಗರ ಹೊಲವೂ ಈಗ ಗಾಜಿನ ಕೆಳಗಿದೆ. ಮೊದಲೆಲ್ಲ ಅವರ ಮನೆಯಿಂದ ನಮಗೆ ಕಡ್ಲೆಕಾಯಿ ಚೀಲ ಬರುತ್ತಿತ್ತು. ಈಗ ನಾವು ಶಿರಾ ಸಂತೆಯಲ್ಲಿ ಕೊಂಡು ಅವರಿಗೆ ಕಳಿಸುತ್ತೇವೆ. ಬೀಗರು ಚೀಲ ಬಿಚ್ಚಿದ ತಕ್ಷಣ ಒಂದು ಕಾಯಿ ಒಡೆದು ಬಾಯಿಗೆ ಹಾಕಿಕೊಂಡು, ಇದು ಯಾವ ಕಡೆಯ ಹೊಲದ್ದು ಅಂತ ಹೇಳುತ್ತಾರೆ. ಬೇಸಾಯ ಹೋದರೂ ನಾಲಿಗೆ ಹೋಗಿಲ್ಲ.

ಅವರ ಮನೆಮಾತು ತೆಲುಗು. ಪುಟ್ಟಿಗೆ ಇಲ್ಲಿ ಅಜ್ಜಿ, ಅಲ್ಲಿ ಅವ್ವ. ಮೊಮ್ಮಗಳು ನಡೆದಳು ಅಂತ ಫೋನು ಮಾಡಿದಾಗ ಬೀಗಿತ್ತಿ ಕೇಳಿದ ಮೊದಲ ಮಾತು, "ಅರಿಸೆಲು ಯಾವತ್ತು ಮಾಡೋಣ?" ಅವರಲ್ಲಿ ಅದೊಂದು ಶಾಸ್ತ್ರ. ಮಗು ಬೋರಲು ಬಿದ್ದರೆ ಒಬ್ಬಟ್ಟು, ಹೆಜ್ಜೆಯಿಟ್ಟರೆ ಅರಿಸೆಲು. ಅರಿಸೆಲು ಅಂದರೆ ನಮ್ಮ ಕಜ್ಜಾಯವೇ. ದೀಪಾವಳಿಗೆ ಹೇಗೂ ಕಜ್ಜಾಯ ಆಗಬೇಕು, ಎರಡೂ ಒಟ್ಟಿಗೇ ಆಗಲಿ ಅಂತ ಮಾತಾಯಿತು. ಬೀಗಿತ್ತಿ ನರಕಚತುರ್ದಶಿಗೆ ಮೊದಲೇ ಬಂದಿಳಿದರು. ಅಕ್ಕಿ ನೆನೆಸಿ, ನೆರಳಿನಲ್ಲಿ ಆರಹಾಕಿ, ಒದ್ದೆ ಪೂರ್ತಿ ಹೋಗುವ ಮೊದಲೇ ಹಿಟ್ಟು ಮಾಡಿಸಿ ಜರಡಿ ಹಿಡಿದರು. ಆಮೇಲೆ ಪಾಕ. ಪಾಕದ ಮುಂದೆ ಇಬ್ಬರೂ ಅಜ್ಜಿಯರು ಮಾತಿಲ್ಲದೆ ನಿಂತರು. ಬಟ್ಟಲ ನೀರಿಗೆ ಒಂದು ತೊಟ್ಟು ಬಿಟ್ಟು, ಬೆರಳಿನಲ್ಲಿ ಒಟ್ಟು ಮಾಡಿದರೆ ಮೆತ್ತನೆಯ ಉಂಡೆಯಾಗಬೇಕು. ಸ್ವಲ್ಪ ಎಳೆದಾದರೆ ಎಣ್ಣೆಯಲ್ಲಿ ಚೆದರುತ್ತದೆ, ಬಲಿತರೆ ಕಲ್ಲು. ನಮ್ಮ ಮನೆಯವರು ಸಾಕು ಅಂದರು, ಬೀಗಿತ್ತಿ ಇನ್ನೊಂದು ಕುದಿ ಅಂದರು. ಇನ್ನೊಂದು ಕುದಿ ಬಂತು. ಬಾಳೆಲೆಯ ಮೇಲೆ ತಟ್ಟಿ, ಕರಿದು, ಎರಡು ಜಾಲರಿಗಳ ನಡುವೆ ಒತ್ತಿ ಎಣ್ಣೆ ಇಳಿಸಿದ ಕಜ್ಜಾಯ ಕೆಂಪಗೆ ಎದ್ದುಬಂತು. ಮಧುಗಿರಿಯವರು ಗಸಗಸೆ, ಪಾವಗಡದವರು ಎಳ್ಳು, ಎರಡೂ ಹಾಕಿದ್ದರು.

ಪಡಸಾಲೆಯಲ್ಲಿ ಒಗೆದ ಬಿಳಿ ಪಂಚೆ ಹಾಸಿ, ಅದರ ಮೇಲೆ ಸಾಲಾಗಿ ಕಜ್ಜಾಯ ಇಟ್ಟರು. ಆ ಕೊನೆಯಲ್ಲಿ ತಾಯಿ, ಈ ಕೊನೆಯಲ್ಲಿ ಪುಟ್ಟಿ, ಕಾಲು ತೊಳೆದು ಅರಿಸಿನ ಹಚ್ಚಿಸಿಕೊಂಡವಳು. ಮೊದಲನೆಯದರ ಮೇಲೆ ಕಾಲಿಟ್ಟಳು, ಬಿಸಿ ಆರಿತ್ತು, ಮೆತ್ತಗಿತ್ತು. ಎರಡನೆಯದಕ್ಕೆ ಹೋದವಳು ನಿಂತಳು. ಕೆಳಗೆ ನೋಡಿದಳು. ಕೂತಳು. ಕೂತು, ತುಳಿದದ್ದನ್ನೇ ಎತ್ತಿಕೊಂಡು ಅಂಚು ಚೀಪತೊಡಗಿದಳು. "ಬಾರೇ ಬಂಗಾರ" ಅಂತ ತಾಯಿ ಕರೆದಳು, "ರಾ ಅಮ್ಮಾ" ಅಂತ ಅವ್ವ ಕರೆದರು, ಇಲ್ಲ. ಶಾಸ್ತ್ರ ಪೂರ್ತಿಯಾಗಬೇಕಲ್ಲ ಅಂತ ಯಾರೋ ಅಂದರು. ಬೀಗಿತ್ತಿ, "ಕಾಲಲ್ಲಿ ಎರಡು, ಬಾಯಲ್ಲಿ ಒಂದು, ಇನ್ನೇನು ಆಗಬೇಕು?" ಅಂದು ಉಳಿದವನ್ನು ಬೀದಿಯ ಮಕ್ಕಳಿಗೆ ಹಂಚಲು ತಟ್ಟೆಗೆ ತುಂಬಿಕೊಂಡರು.

ಈಗ ಸ್ವಾತಿ ಮಳೆ. ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ ಹುಚ್ಚೆಳ್ಳು ಹೂವು ಬಿಟ್ಟಿದೆ, ಅವರೆ ಬಳ್ಳಿ ಹಬ್ಬುತ್ತಿದೆ. ಕಾರ್ತೀಕ ಕಳೆಯುವ ಹೊತ್ತಿಗೆ ಸೊಗಡಿನ ಅವರೆಕಾಯಿ ಬರುತ್ತದೆ, ಹಿತುಕಿದ ಬೇಳೆಯ ಕಾಲ. ಕಾಳು ಹಿತುಕಲು ಎಷ್ಟು ಕೈಯಿದ್ದರೂ ಸಾಲದು. ನಿಮ್ಮ ಮನೆಯಲ್ಲೂ ಈಗತಾನೇ ನಡೆಯಲು ಕಲಿತ ಮಗುವಿದ್ದರೆ ಕರೆದುಕೊಂಡು ಬನ್ನಿ, ಗಾಡಿ ಒಂದೇ ಇರುವುದು, ಸರದಿಗೆ ಕಾಯಬೇಕಾಗುತ್ತದೆ. ಬರುವುದಾದರೆ ಸಂಜೆ ನಾಲ್ಕರ ಮೇಲೆ ಬನ್ನಿ, ಅಷ್ಟರೊಳಗೆ ಅವಳ ನಿದ್ದೆ ಮುಗಿದಿರುತ್ತದೆ.